ಕ್ಲಬ್ಬಿನ ಹುಲ್ಲು, ಮನೆಯ ಹುಲ್ಲು

ಮಾರ್ಚ್ ಮುಗಿಯುತ್ತ ಬಂದರೂ ಗುಂಡು ಉರುಳಿಸಿ ಆಡುವ ನಮ್ಮ ಬೌಲ್ಸ್ ಕ್ಲಬ್ಬಿನ ಹುಲ್ಲು ಒದ್ದೆ ಕಂಬಳಿಯ ಹಾಗೆ ಬಿದ್ದುಕೊಂಡಿತ್ತು. ಕಾಲಿಟ್ಟರೆ ಪಚಕ್ಕೆನ್ನುತ್ತಿತ್ತು. ಲ್ಯಾಂಕಾಷೈರ್‌ನ ಮಳೆಗೆ ಹುಲ್ಲಿಗಿಂತ ಪಾಚಿಯ ಮೇಲೆಯೇ ಪ್ರೀತಿ. ಈಸ್ಟರ್‌ಗೆ ಮೊದಲ ಪಂದ್ಯ. ಅಷ್ಟರೊಳಗೆ ಗುಂಡು ನೆಟ್ಟಗೆ ಉರುಳುವಂತಾಗದಿದ್ದರೆ ನಮ್ಮ ಕ್ಲಬ್ ಈ ವರ್ಷ ಲೀಗಿನಿಂದ ಹೊರಗೆ.

ಈ ಹುಲ್ಲನ್ನು ಮಗುವಿನಂತೆ ಸಾಕಿದವನು ನನ್ನ ಗಂಡ ವಿಲ್ಫ್. ನಮ್ಮ ಮನೆಯ ಹಿಂದಿನ ಹುಲ್ಲಿಗೆ ಪಾಚಿ ಹಿಡಿದು ಯಾವ ಕಾಲವಾಯಿತೋ. "ಊರ ಹುಲ್ಲೆಲ್ಲ ನೋಡ್ತೀಯ, ಮನೇದು ಕಣ್ಣಿಗೆ ಬೀಳಲ್ವಾ?" ಎಂದರೆ, "ಮುಂದಿನ್ ವಾರ ಕಣೇ" ಎಂದು ಸೈಕಲ್ ಹತ್ತುತ್ತಿದ್ದ. ಮದುವೆಯಾದಾಗಿನಿಂದ ಅದೇ ಮುಂದಿನ ವಾರ.

ನವೆಂಬರಿನಲ್ಲಿ ತೀರಿಕೊಂಡ. ಬೂದಿಯನ್ನು ಕ್ಲಬ್ಬಿನ ಹುಲ್ಲಿನ ಮೇಲೆಯೇ ಹಾಕಿದೆವು. ಇಲ್ಲಿಯ ಗಂಡಸರಿಗೆಲ್ಲ ಇದೇ ಆಸೆ, ಸತ್ತ ಮೇಲೂ ಮನೆಗೆ ಬರುವ ಮನಸ್ಸಿಲ್ಲ. ಬದುಕಿದ್ದಾಗ ವಿಲ್ಫ್ ಬೇರೆಯವರ ಬೂದಿ ಬಂದಾಗಲೆಲ್ಲ ಬೈಯುತ್ತಿದ್ದ: "ತೆಳ್ಳಗೆ ಉದುರಿಸ್ರೋ! ಗುಡ್ಡೆ ಹಾಕಿದ್ರೆ ಸಿಮೆಂಟ್ ಆಗ್ಬಿಡುತ್ತೆ." ಅವನ ಸರದಿ ಬಂದ ದಿನ ಅಡ್ಡಮಳೆ, ಎಲ್ಲರಿಗೂ ಒಳಗೆ ಹೋಗಿ ಟೀ ಕುಡಿಯುವ ಅವಸರ. ಅವನ ಗೆಳೆಯ ಸಿರಿಲ್ ಡಬ್ಬಿಯನ್ನು ಒಂದೇ ಕಡೆ ಮಗುಚಿಬಿಟ್ಟ. ನಾನು ನೋಡುತ್ತ ನಿಂತಿದ್ದೆ. ಏನೂ ಅನ್ನಿಸಲಿಲ್ಲ. ಆಮೇಲೂ ಅನ್ನಿಸಲಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಚುಚ್ಚಿಸಿಕೊಂಡ ದವಡೆಯ ಹಾಗೆ ಚಳಿಗಾಲವೆಲ್ಲ ಕಳೆದೆ.

ಈಗ ಎಲ್ಲರೂ ಸೇರಿ ಕೆಲಸಕ್ಕಿಳಿದೆವು. ಕಬ್ಬಿಣದ ಔಷಧಿ ಹೊಡೆದಿದ್ದರಿಂದ ಪಾಚಿ ಕರ್ರಗಾಗಿ ಸತ್ತಿತ್ತು. ಅದನ್ನು ಕುಂಟೆಯಿಂದ ಬಾಚಿ ತೆಗೆದೆವು. ಆಮೇಲೆ ಟೊಳ್ಳು ಮುಳ್ಳುಗಳಿರುವ ತೋಟದ ಫೋರ್ಕ್ ಚುಚ್ಚಿ, ಮಣ್ಣನ್ನು ಬೆರಳುದ್ದದ ತುಂಡುಗಳಾಗಿ ಕಿತ್ತು, ತೂತಿಗೆ ಮರಳು ತುಂಬಬೇಕು. ನೀರು ಇಳಿಯುವುದು ಹಾಗೆ.

ವಿಲ್ಫ್‌ನ ಬೂದಿ ಬಿದ್ದ ಜಾಗದಲ್ಲಿ ಮಾತ್ರ ಸಿಮೆಂಟಿನಂಥ ಬಿಳಿ ಹೊಪ್ಪಳೆ, ಮೇಲೆ ನೀರು. ಅಲ್ಲಿಗೆ ಬಂದವರೆಲ್ಲ ಟೋಪಿ ಮುಟ್ಟಿಕೊಂಡು ಬಳಸಿ ಹೋಗುತ್ತಿದ್ದರು. ಸಿರಿಲ್ ಕೂಡ ನಿಂತುಬಿಟ್ಟ.

"ಯಾಕೆ ನಿಂತೆ?" ಎಂದೆ.

"ಹೆಂಗ್ ಚುಚ್ಲಿ, ಈನಿಡ್? ಅವ್ನು ಇದಾನಲ್ಲ ಅಲ್ಲಿ."

"ಅವ್ನಿಗೇನ್ ನೋವಾಗುತ್ತಾ?"

"ನಂಗಾಗುತ್ತೆ ಕಣಮ್ಮಾ. ಸುರಿದಿದ್ದೂ ನಾನೇ."

"ಹಂಗಾದ್ರೆ ಆಡಕ್ಕೆ ಬಂದವ್ರಿಗೆ ಏನ್ ಹೇಳ್ತೀಯ? ಸ್ವಲ್ಪ ಸುತ್ತಿ ಉರುಳಿಸ್ರಪ್ಪಾ, ವಿಲ್ಫ್ ಮಲ್ಗಿದಾನೆ ಅಂತಲಾ? ಅವ್ನೇ ಎದ್ ಬಂದು ಒದೀತಾನೆ ನಿಂಗೆ. ಕೊಡಿಲ್ಲಿ."

ಫೋರ್ಕ್ ಕಸಿದುಕೊಂಡೆ. ಚುಚ್ಚಿ, ಬೂಟುಗಾಲಿನಿಂದ ತುಳಿದೆ. ಹೊಪ್ಪಳೆ ಲಟಕ್ಕೆಂದಿತು. ಮೇಲೆ ಬಂದ ತುಂಡುಗಳ ತುದಿಯಲ್ಲಿ ಬಿಳಿ, ಕೆಳಗೆ ಕಪ್ಪು ಮಣ್ಣು. ನಿಂತ ನೀರು ಗುಳುಗುಳು ಸದ್ದು ಮಾಡುತ್ತ ಇಳಿದುಹೋಯಿತು. ಆಗಲೂ ಏನೂ ಅನ್ನಿಸಲಿಲ್ಲ. ಸಿರಿಲ್ ಮೂಗು ಒರೆಸಿಕೊಳ್ಳುತ್ತ ಮರಳು ತುಂಬಿದ.

"ಇನ್ನು ಹುಲ್ಲು ಬರುತ್ತೆ," ಎಂದ. ಆಮೇಲೆ ತುಂಡುಗಳಿದ್ದ ಬಕೆಟ್ ನೋಡಿ ದನಿ ತಗ್ಗಿಸಿದ. "ಇದನ್ನ ಎಲ್ಲಿಗ್ ಹಾಕೋದು? ಪಾಚಿ ರಾಶಿಗಂತೂ ನನ್ ಕೈಲಾಗಲ್ಲ."

"ಮುಟ್ಬೇಡ. ನಾನ್ ತಗೊಂಡ್ ಹೋಗ್ತೀನಿ."

ಬಸ್ಸಿನಲ್ಲಿ ಬಕೆಟ್ ತೊಡೆಯ ಮೇಲಿತ್ತು. ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಹಿಂದಕ್ಕೆ ಹೋದೆ. ಎಷ್ಟೋ ವರ್ಷಗಳ ಪಾಚಿಯನ್ನು ಬಾಚಿ ತೆಗೆದೆ, ನೆಲವನ್ನು ಚುಚ್ಚಿದೆ. ಆ ತುಂಡುಗಳನ್ನು ಬೆರಳಲ್ಲಿ ಪುಡಿಮಾಡಿ, ಕ್ಲಬ್ಬಿನಿಂದ ತಂದಿದ್ದ ಮರಳಿನ ಜೊತೆ ಕಲಸಿ, ಮಂಡಿಯೂರಿ ಉದುರಿಸತೊಡಗಿದೆ. ತೆಳ್ಳಗೆ, ಅವನು ಹೇಳುತ್ತಿದ್ದಂತೆಯೇ.

"ಮುಂದಿನ್ ವಾರ ಬಂತೇನೋ ಕೊನೆಗೂ?" ಎಂದೆ.

ನವೆಂಬರಿನಿಂದ ಬಾರದಿದ್ದ ಅಳು ಬಂತು. ಬೇಲಿಯಾಚೆಯ ಮನೆಯವರಿಗೆ ಕೇಳಿಸುವಷ್ಟು ಜೋರಾಗಿ ಅತ್ತೆ. ಅಳುತ್ತಲೇ ಬಕೆಟ್ ಖಾಲಿಯಾಗುವವರೆಗೂ ಉದುರಿಸಿದೆ.