ಕುರ್ಚಿಯ ಜಾಗ

ಗಾಯಕಿಯ ಕುರ್ಚಿಯನ್ನು ಎಲ್ಲಿ ಹಾಕಬೇಕೆಂಬುದು ಅಂದು ಎರಡು ದೇಶಗಳ ಗಡಿ ಗುರುತಿಸುವಷ್ಟೇ ಘನವಾದ ಪ್ರಶ್ನೆಯಾಗಿತ್ತು. ಡ್ರಮ್ಮಿನವನು ಅದನ್ನು ಅಭ್ಯಾಸದ ಕೋಣೆಯ ತುಂಬ ಎಳೆದಾಡಿ, ಕೊನೆಗೆ ತನ್ನ ಕಣ್ಣಿಗೆ ನೇರವಾಗಿ ತಂದಿಟ್ಟ.

"ಅದು ಕುರ್ಚಿ ಕಣಯ್ಯಾ, ಸಿಂಹಾಸನ ಅಲ್ಲ," ಎಂದ ಅವನ ಭಾವ, ಬೇಸ್ ಗಿಟಾರನ್ನು ಹೊಟ್ಟೆಯ ಮೇಲೆ ಕೂರಿಸಿಕೊಳ್ಳುತ್ತ.

ಅಂದು ಮತ್ತೆ ಸೇರಿದ್ದ ಅವರ ರಾಕ್ ತಂಡ ವರ್ಷಗಳ ಹಿಂದೆ ಒಡೆದ ಮೇಲೆ ಭಾವ ಶಾಲಾ ಬಸ್ಸುಗಳ ಡಿಪೋಗೆ ಯಜಮಾನನಾಗಿದ್ದ; ಭಾಮೈದನಿಗೂ ಓಡಿಸಲು ಒಂದು ಬಸ್ಸು ಕೊಟ್ಟಿದ್ದ. ಗಿಟಾರಿನವನು ಹಲ್ಲಿನ ಡಾಕ್ಟರಾಗಿದ್ದ. "ಆಗ ಜನರ ಕಿವಿಗೆ ನೋವು ಕೊಡ್ತಿದ್ದೆ, ಈಗ ಹಲ್ಲಿಗೆ," ಎಂದು ಅವನೇ ಹೇಳಿಕೊಂಡು ನಕ್ಕ.

ಡ್ರಮ್ಮಿನವನು ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ನಕ್ಕ. ಕಳೆದ ವರ್ಷದಿಂದ ಅವನ ಕಿವಿಗೆ ಹತ್ತಿ ತುರುಕಿದಂತಾಗಿತ್ತು. ಹೆಂಡತಿಗೂ ಹೇಳಿರಲಿಲ್ಲ, ತುಟಿ ನೋಡಿಯೇ ಸಂಸಾರ ಸಾಗಿಸುತ್ತಿದ್ದ. ಹೇಳಿದರೆ ಬಸ್ಸು ಹೋಗುತ್ತದೆ. ಇಂದಿನ ಧೈರ್ಯವೆಲ್ಲ ಗಾಯಕಿಯ ಹಿಮ್ಮಡಿಯ ಮೇಲಿತ್ತು. ಕೊನೆಯ ಸಾಲನ್ನು ಮನಸ್ಸು ಬಂದಷ್ಟು ಸಲ ಹಾಡಿ, ನಿಲ್ಲಿಸುವ ಮುನ್ನ ಆಕೆ ಬಲ ಹಿಮ್ಮಡಿ ಎತ್ತುತ್ತಿದ್ದಳು. ಸಭಿಕರಿಗೆ ಕಾಣದ ಆ ಸನ್ನೆ ಹಿಂದೆ ಕೂತ ಅವನಿಗಷ್ಟೇ ಕಾಣುತ್ತಿತ್ತು.

ಗಾಯಕಿ ಕೋಲೂರಿಕೊಂಡು ಬಂದಳು. ಕುರ್ಚಿಯಲ್ಲಿ ಕೂತು, ಶಸ್ತ್ರಚಿಕಿತ್ಸೆಯಾದ ಬಲಗಾಲನ್ನು ಸ್ಟೂಲಿನ ಮೇಲೆ ನೀಡಿ, ಅವನತ್ತ ತಿರುಗಿದಳು.

"ಇನ್ಮೇಲೆ ಹಿಮ್ಮಡಿಗೆ ರಜಾ ಕಣೋ. ನಿಲ್ಲಿಸೋ ಮುಂಚೆ ಮೈಕಲ್ಲಿ ಜೋರಾಗಿ ಉಸಿರೆಳೀತೀನಿ. ಕೇಳಿಸ್ಕೊಂಡು ನಿಲ್ಲಿಸಿಬಿಡು."

"ಆಯ್ತಕ್ಕ," ಎಂದ.

ಹಾಡು ಶುರುವಾಯಿತು. ಕೊನೆಯ ಸಾಲು ಬಂತೆಂದು ಭಾವನ ಬೆರಳುಗಳಿಂದ ತಿಳಿಯಿತು. ಅಷ್ಟರಲ್ಲಿ ಭಾವ ಗೋಡೆಯ ಕಡೆ ತಿರುಗಿಬಿಟ್ಟ. ಇನ್ನು ಉಳಿದದ್ದು ಆಕೆಯ ಬೆನ್ನು. ಭುಜ ಏರುತ್ತದೆಯೇ ಎಂದು ಕಣ್ಣು ನೆಟ್ಟು ಬಾರಿಸಿದ. ದಪ್ಪ ಕೋಟು ಏನನ್ನೂ ಬಿಟ್ಟುಕೊಡಲಿಲ್ಲ. ಬೆವರು ಹುಬ್ಬಿನಿಂದ ಕಣ್ಣಿಗಿಳಿಯಿತು. ರೆಪ್ಪೆ ಮುಚ್ಚಿದರೆ ಎಲ್ಲಿ ಸನ್ನೆ ತಪ್ಪೀತೋ ಎಂದು ಮುಚ್ಚಲಿಲ್ಲ.

ಡಾಕ್ಟರನ ಕೈಗಳು ಯಾವಾಗಲೋ ಗಿಟಾರು ಬಿಟ್ಟು ಜೋತುಬಿದ್ದಿದ್ದವು. ಗಾಯಕಿ ಕತ್ತು ಹೊರಳಿಸಿದ್ದಳು. ಡ್ರಮ್ಮಿನವನು ಕಡ್ಡಿಗಳನ್ನು ತಡೆದ. ಇಬ್ಬರೂ ಅವನ ಮುಖ ಬಿಟ್ಟು ಕಿವಿಯ ಪಕ್ಕ ಏನನ್ನೋ ನೋಡುತ್ತಿದ್ದರು.

ತಿರುಗಿದ. ಭಾವ ಹಿಂದೆ ನಿಂತು ಡಿಪೋದ ಬೀಗದ ಕೈ ಗೊಂಚಲನ್ನು ಅವನ ಕಿವಿಯ ಬಳಿ ಅಲ್ಲಾಡಿಸುತ್ತಿದ್ದ.

"ಹಿಂದಿನ ಲಾರಿ ಹಾರ್ನ್ ಕೇಳ್ಸುತ್ತಾ?" ಭಾವನ ತುಟಿಗಳು ನಿಧಾನವಾಗಿ ಆಡಿದವು.

"ಕನ್ನಡಿ ನೋಡ್ಕೋತೀನಿ ಭಾವ."

"ಮಕ್ಕಳು ಕೂಗಿದ್ರೆ?"

ಅವನು ಡ್ರಮ್ಮಿನ ಮೇಲೆ ಅಂಗೈ ಇಟ್ಟ.

ಸೋಮವಾರ ಅವನ ಬಸ್ಸನ್ನು ಭಾವನೇ ಓಡಿಸಿದ.