ಹಿಮದಲ್ಲಿ ಮಳೆ ಕೇಳಿದವರು

ಅಗಸೆ ಎಣ್ಣೆ, ಕರ್ಪೂರ, ಒದ್ದೆಯಾದ ಉಣ್ಣೆ. ಮಾಂಟ್ರಿಯಲ್‌ನ ನಮ್ಮ ಯಹೂದಿ ಪ್ರಾರ್ಥನಾಮಂದಿರದ, ಅಂದರೆ ಸಿನಗಾಗ್‌ನ, ಹಿಂದಿನ ಕೋಣೆಯಲ್ಲಿ ಅಪ್ಪ ಪವಿತ್ರ ನಾಡಿನ ಗೋಡೆ ನಕ್ಷೆ ಬಿಚ್ಚಿದಾಗ ಬರುತ್ತಿದ್ದ ವಾಸನೆ ಅದು. ಆ ನಕ್ಷೆಯಲ್ಲಿ ನಮ್ಮ ಪುರಾತನ ಗ್ರಂಥಗಳಲ್ಲೂ ಬರುವ ಲೋದ್ ಎಂಬ ಊರಿತ್ತು. ಅಪ್ಪ ಅದನ್ನು ಕಂಡವರಲ್ಲ. ಆದರೂ ಡಿಸೆಂಬರ್ ಬಂತೆಂದರೆ, ಇಲ್ಲಿ ಕಿಟಕಿಯೆತ್ತರ ಹಿಮ ಬಿದ್ದಿರುವಾಗ, ಪೂರ್ವಕ್ಕೆ ತಿರುಗಿ ಅಲ್ಲಿನ ಹೊಲಗಳಿಗೆ ಮಳೆ ಬೇಡುತ್ತಿದ್ದರು. ನಮ್ಮವರ ಪ್ರಾರ್ಥನೆಯೇ ಹಾಗೆ.

ಅದೇ ಊರಲ್ಲಿ ನನ್ನ ಪ್ಯಾಲೆಸ್ತೀನಿ ಗೆಳತಿ ವಿದಾದ್ ಹುಟ್ಟಿದ್ದು. ಅವಳ ಅರಬ್ಬಿಯಲ್ಲಿ ಅದು ಲಿದ್. ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಇಸ್ರೇಲಿ ಸೈನಿಕರು ಊರಿನವರನ್ನು ಹೊರಹಾಕಿದಾಗ ತಾಯಿಯ ಕೈ ಹಿಡಿದು ನಡೆದಿದ್ದಳಂತೆ. ಈಗ ನಾವಿಬ್ಬರೂ ಒಂದೇ ಬೀದಿಯ ಮುದುಕಿಯರು.

ಹಳೆಯ ಫೋಟೋಗಳ ಪ್ರದರ್ಶನಕ್ಕೆ ಅವಳು ಕೊಟ್ಟದ್ದು ಒಂದೇ ಚಿತ್ರ: ಆಲಿವ್ ಮರದ ಕೆಳಗೆ ನಿಂತ ಅವಳ ಅಪ್ಪ. ಕೆಳಗೆ 'ಲಿದ್, ಪ್ಯಾಲೆಸ್ತೀನ್' ಎಂದಿರಬೇಕು, ಅಷ್ಟೇ ಅವಳ ಆಸೆ. ಕೆಲವರು ಆ ಹೆಸರು ಬೇಡವೆಂದರು; ಸಮುದಾಯ ಭವನದಲ್ಲಿ ಅದಕ್ಕೇ ಸಭೆ ಸೇರಿತು.

"ಪ್ಯಾಲೆಸ್ತೀನ್ ಅನ್ನೋ ಜಾಗಾನೇ ಇರ್ಲಿಲ್ಲ," ಎಂದ ಔಷಧಿ ಅಂಗಡಿಯ ಹೈಮನ್, ನಮ್ಮವನೇ.

"ಅವಳು ಹುಟ್ಟಿದಾಗ ಆ ನಾಡಿನ ಹೆಸರು ಅದೇ ಕಣಯ್ಯ. ನೀನೇನು ಸೂಲಗಿತ್ತಿಯಾಗಿದ್ಯಾ?" ಎಂದೆ. ಜನ ನಕ್ಕರು.

ಪ್ರದರ್ಶನ ನಡೆಸುವ ಗೋರ್ಡನ್ ನಗಲಿಲ್ಲ. ವಿದಾದ್‌ಳ ಪರ ಮೊದಲಿನಿಂದಲೂ ಗಟ್ಟಿಯಾಗಿ ನಿಂತಿದ್ದವನು ಅವನು.

"ಸುಳ್ಳು ಹೇಳೋದು ಯಹೂದಿಗಳ ರಕ್ತದಲ್ಲೇ ಇದೆ. ಲೋದ್ ಅಂತೆ! ನಿನ್ನೆ ಮೊನ್ನೆ ಹುಟ್ಟಿಸಿದ ಹೆಸರು. ಇವರಿಗೂ ಆ ಮಣ್ಣಿಗೂ ಏನ್ರೀ ಸಂಬಂಧ?" ಎಂದ ಗೋರ್ಡನ್.

ನಾನು ಹೊರಡಲೆಂದು ನನ್ನ ಕೋಟು ಎತ್ತಿಕೊಂಡೆ.

ವಿದಾದ್ ಎದ್ದು ನನ್ನತ್ತ ಕೈ ತೋರಿಸಿದಳು.

"ಗೋರ್ಡನ್, ಈ ಫ್ರೂಮಾಳ ಅಪ್ಪ ಹಿಮದಲ್ಲಿ ನಿಂತು ನಮ್ಮೂರಿಗೆ ಮಳೆ ಕೇಳ್ತಿದ್ರು. ಅದೇ ತಿಂಗಳು ನಮ್ಮಪ್ಪ ಈ ಮರದ ಕೆಳಗೆ ಮೋಡ ನೋಡ್ತಾ ನಿಂತಿರೋರು. ಬಂದ ಮಳೆ ಯಾರು ಕೇಳಿದ್ದು, ನಿಂಗೊತ್ತಾ? ನಮ್ಮೂರು ಕಿತ್ಕೊಂಡ್ರು. ಅದನ್ನ ನಾನು ಸಾಯೋವರೆಗೂ ಹೇಳ್ತೀನಿ. ಆದ್ರೆ ಇವಳ ರಕ್ತ ಬಯ್ದು ನಮ್ಮಪ್ಪನ್ನ ಗೋಡೆಗೆ ಹಾಕ್ಬೇಡ."

ಮೇಜಿನ ಮೇಲಿದ್ದ ಚಿತ್ರವನ್ನು ಎತ್ತಿ ಚೀಲಕ್ಕಿಟ್ಟಳು.

ಅಪ್ಪನ ಪ್ರಾರ್ಥನೆಯ ಆಚೆ ತುದಿಯಲ್ಲಿ ಆಕಾಶ ನೋಡುತ್ತ ಒಬ್ಬ ಮನುಷ್ಯ ನಿಂತಿದ್ದನೆಂದು ಈ ಎಂಬತ್ತೈದು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ. ಎಷ್ಟು ಸಮುದ್ರ ನಡುವೆ! ನಾವು ಹೊರಡುವಾಗ ಹೈಮನ್ ನಮಗಾಗಿ ಬಾಗಿಲು ಹಿಡಿದು ನಿಂತ.

ನನ್ನನ್ನು ಮನೆಗೆ ಹೋಗಲು ವಿದಾದ್ ಬಿಡಲಿಲ್ಲ. ಅವಳ ಅಡುಗೆಮನೆಯಲ್ಲಿ ಚಿತ್ರ ಮತ್ತೆ ಹಳೆಯ ಮೊಳೆಗೆ ಏರಿತು. ಪ್ರದರ್ಶನದ ದೊಡ್ಡ ಗೋಡೆ ಅವಳ ಅಪ್ಪನಿಗೆ ಸಿಗಲಿಲ್ಲವಲ್ಲ ಎಂದು ನನ್ನ ಕಣ್ಣು ತುಂಬಿತು.

"ಸುಮ್ನೆ ಕೂತ್ಕೊ," ಎಂದಳು. ನಮ್ಮ ಯಹೂದಿ ಆಹಾರ ನಿಯಮದಂತೆ, ಬೇರೆಯವರು ಮಾಂಸ ಬೇಯಿಸಿದ ಪಾತ್ರೆಗಳಲ್ಲಿ ನಾನು ಉಣ್ಣುವುದಿಲ್ಲವೆಂದು ಅವಳಿಗೆ ಗೊತ್ತು. ಕಪಾಟಿನಿಂದ ನನಗೆಂದೇ ಬೇರೆ ಇಟ್ಟಿದ್ದ ಒಂದು ಪಾತ್ರೆ ತೆಗೆದು ಬೇಳೆ, ಅಕ್ಕಿ ಬೇಯಿಸಿ, ಮೇಲೆ ಹುರಿದ ಈರುಳ್ಳಿ ಹರಡಿ, ಅಂಗಡಿಯ ಚೀಟಿ ಇನ್ನೂ ಅಂಟಿದ್ದ ಹೊಸ ತಟ್ಟೆಯಲ್ಲಿ ನನ್ನ ಕೈಗಿತ್ತಳು.