ಮೂರು ಯಂತ್ರಕ್ಕೆ ಒಂದೇ ಒಂಬತ್ತು

ಸಾಸಿವೆ ಸಿಡಿಯುತ್ತಿರುವಾಗಲೇ ಒಳಕೋಣೆಯಿಂದ ಟಿಣ್ ಎಂದಿತು, ಸಾಸಿವೆಗೆ ಆ ಸದ್ದಿಲ್ಲ, ಅದು ಹಳದಿ ತ್ರಿಕೋನದ್ದೇ, ಬೆನ್ನು ತಿರುಗಿಸಿ ನಿಂತಿದ್ದರೂ ವಿಮಲಮ್ಮನಿಗೆ ಗೊತ್ತು, ಕಂಪ್ಯೂಟರಿನ ಕೆಳಮೂಲೆಯಲ್ಲಿ ಎದ್ದು ಕೂತಿರುತ್ತದೆ, ಹೇಳದೆ ಕೇಳದೆ ಬಂದ ನೆಂಟರ ಹಾಗೆ, ಈಗ ಮಗಳು ಕೂಗುತ್ತಾಳೆ, ಕೂಗಿಯೇಬಿಟ್ಟಳು — ಅಮ್ಮಾ, ನೆಟ್ ಮತ್ತೆ ಹೋಯ್ತು — ಕರಿಬೇವು ಹಾಕು, ಉರಿ ಆರಿಸು, ಸೆರಗಿಗೆ ಕೈ ಒರೆಸಿಕೋ, ಬೇರೆ ಯಾವತ್ತು ಹೋದರೂ ಹೋಗಲಿ, ಇವತ್ತು ಹನ್ನೊಂದಕ್ಕೆ ಗುಜರಾತಿನ ಆ ಕಾಲೇಜಿನವರು ಪರದೆಯ ಮೇಲೆ ಬಂದು ಮೇಘಶ್ರೀಯನ್ನು ಮಾತಾಡಿಸುತ್ತಾರೆ, ಬಟ್ಟೆಯ ಮೇಲೆ ಚಿತ್ತಾರ ಬಿಡಿಸುವ ಓದು, ಕಳಿಸಿದ ಚಿತ್ರಗಳನ್ನೆಲ್ಲ ಮೆಚ್ಚಿಕೊಂಡಿದ್ದಾರೆ, ಇನ್ನು ಒಂದಿಷ್ಟು ಮಾತಾಡಿಸಿ ಸೀಟು ಕೊಡುವುದಷ್ಟೇ ಬಾಕಿ, ಆದರೆ ಮಾತಾಡುವುದೇ ತಾನೇ ಇವಳಿಗೆ ಬೆಟ್ಟ, ಚಿತ್ರದಲ್ಲಿ ಕೇಳಿದರೆ ಇಡೀ ಕುದುರೆಮುಖವನ್ನು ಒಂದು ಸೆರಗಿನಲ್ಲಿ ತಂದು ಕೂರಿಸುತ್ತಾಳೆ. ಮೇಜಿನ ಮೇಲಿದ್ದ ಫೋನಿನಲ್ಲಿ ಕವನಾ ನಗುತ್ತಿದ್ದಳು, ಚಿಕ್ಕಮಗಳೂರಿನಲ್ಲಿರುವ ತಂಗಿಯ ಮಗಳು, ಅಕ್ಕನಿಗೆ ಅಭ್ಯಾಸವಾಗಲಿ ಎಂದು ಕಂಪ್ಯೂಟರಿನ ಆ ಕಡೆ ಪರೀಕ್ಷಕಿಯಾಗಿ ಕೂತವಳು, ಪರದೆ ನಿಂತದ್ದೇ ಫೋನು ಮಾಡಿದ್ದಾಳೆ — ದೊಡ್ಡಮ್ಮಾ, ಅಕ್ಕನ ಮುಖ ಹಂಗೇ ನಿಂತೋಯ್ತು, ತುಟಿ ಎರಡೂ ಅಂಟ್ಕೊಂಡಿದಾವೆ, ನೋಡೋಕೆ ಎಂತ ಚಂದ ಇದೆ ಗೊತ್ತಾ — ಚಂದವಂತೆ, ಆ ಅಂಟಿಕೊಂಡ ತುಟಿಗಳನ್ನು ವಿಮಲಮ್ಮ ಕಂಪ್ಯೂಟರಿಲ್ಲದೆಯೇ ಹದಿನೈದು ವರ್ಷದಿಂದ ನೋಡುತ್ತಿದ್ದಾಳೆ, ಮಕಾರದ ಬಾಗಿಲು, ಒಳಗಿನಿಂದ ಯಾರೋ ಅಗುಳಿ ಹಾಕಿಕೊಂಡ ಹಾಗೆ, ಹುಡುಗಿ ತಳ್ಳುತ್ತಾಳೆ ತಳ್ಳುತ್ತಾಳೆ, ಕತ್ತಿನ ನರ ಉಬ್ಬುತ್ತದೆ, ಮೇ, ಮೇ, ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಯಾರೋ ಆಡು ಬಂತು ಆಡು ಬಂತು ಅಂತಾರೆ.

ಹೆಸರಿಡುವಾಗ ಇದೆಲ್ಲ ಯಾರಿಗೆ ಗೊತ್ತಿತ್ತು, ತೊಟ್ಟಿಲ ಮುಂದೆ ಮೇಘಶ್ರೀ ಅಂದಾಗ ಎಷ್ಟು ತಂಪಾಗಿತ್ತು ಕಿವಿಗೆ, ಗಂಡ ಶೇಷಪ್ಪನವರಂತೂ ಅದನ್ನು ಇಂಗ್ಲಿಷಿನಲ್ಲಿ ಬರೆದು, ಅಕ್ಷರಕ್ಕೆ ಇಷ್ಟಿಷ್ಟು ಅಂತ ಅಂಕಿ ಹಾಕಿ, ಎಂಟು ಬಂತೆಂದು ಮುಖ ಹುಳಿ ಮಾಡಿಕೊಂಡು, ಒಂದು ಎ ಹೆಚ್ಚಿಗೆ ಸೇರಿಸಿ ಒಂಬತ್ತು ಮಾಡಿಕೊಂಡ ಮೇಲೆಯೇ ಊಟಕ್ಕೆ ಎದ್ದದ್ದು, ಒಂಬತ್ತು ಎಂದರೆ ಅವರಿಗೆ ಪ್ರಾಣ, ಜೀಪಿನ ನಂಬರು ಒಂಬತ್ತು, ಬೈಕಿನದು ಒಂಬತ್ತು, ಗೇಟಿಗೆ ಒಂಬತ್ತು ಸರಳು, ಎಂಟೇ ಸಾಕಿತ್ತು, ಈಗ ಆ ಒಂಬತ್ತನೆಯದರಿಂದಾಗಿ ಗೇಟು ಪೂರ್ತಿ ಮುಚ್ಚುವುದಿಲ್ಲ, ಪಕ್ಕದ ತೋಟದ ದನಗಳಿಗೆ ಅದೇ ಭಾಗ್ಯ. ಕಂಪ್ಯೂಟರು ಬಂದಾಗಲೂ ಅದೇ ಕಥೆ, ಬಣಕಲ್ಲಿನಿಂದ ಬಂದ ಫಾರಿಸ್ ಮೋಡೆಮ್ ಹಚ್ಚಿ, ಸಾರ್, ಗಾಳಿಯಲ್ಲೇ ನೆಟ್ ಬರ್ತದೆ, ಒಂದೊಂದು ಮಿಷನ್ನಿಗೂ ಒಂದೊಂದು ನಂಬರು, ಮನೆ ಒಳಗಿನ ವಿಳಾಸ ಇದ್ದ ಹಾಗೆ ಅಂದನಲ್ಲ, ಅಲ್ಲಿಗೆ ಮುಗಿಯಿತು, ಇವರ ಕಿವಿ ನೆಟ್ಟಗಾಯಿತು, ಕೊನೇಲಿ ಒಂಬತ್ತು ಹಾಕು ಮಾರಾಯ ಅಂದರು, ಹಾಕಿದ, ಅದು ಆಫೀಸು ಕೋಣೆಯದು, ಮುಂದೆ ಇವರಿಗೇ ಅಂತ ಲ್ಯಾಪ್‌ಟಾಪ್ ಬಂತು, ಅದಕ್ಕೂ ಒಂಬತ್ತೇ ಹಾಕು, ಆಗ ಅವನು ಬೇಡ ಸಾರ್, ಎರಡಕ್ಕೂ ಒಂದೇ ಕೊಟ್ರೆ ಕಚ್ಚಾಡ್ತಾವೆ ಅಂದ, ಕಚ್ಚಾಡೋಕೆ ಅವೇನು ನಾಯಿಯೇನೋ ಅಂದರು ಇವರು, ಬೇಕಾದ್ರೆ ಆಟೋಮ್ಯಾಟಿಕ್ ಮಾಡ್ತೀನಿ, ಮೋಡೆಮ್ಮೇ ನೋಡಿ ಹಂಚ್ತದೆ ಅಂತ ಅವನು, ಅದು ಹೋಗಿ ನಂಗೆ ಎಂಟು ಕೊಟ್ರೆ? ಶನಿ ನಂಬರು ತಗೊಂಡು ಮೆಣಸು ಮಾರಲಾ ನಾನು? — ಫಾರಿಸ್ ವಿಮಲಮ್ಮನ ಮುಖ ನೋಡಿದ, ವಿಮಲಮ್ಮ ಅವನಿಗೆ ಇನ್ನೊಂದು ಅಕ್ಕಿರೊಟ್ಟಿ ಹಾಕಿದಳು, ಆ ಕ್ಷಣದಲ್ಲಿ ಅವಳಿಂದ ಆಗುತ್ತಿದ್ದದ್ದು ಅಷ್ಟೇ. ಮಗಳ ಹುಟ್ಟಿದ ಹಬ್ಬಕ್ಕೆ ಬಂದ ಲ್ಯಾಪ್‌ಟಾಪಿಗೂ ಅದೇ, ನನ್ನ ಮಗಳಿಗೆ ಕಡಿಮೆ ನಂಬರು ಯಾಕೆ ಅಂತ, ಪ್ರೀತಿಯೇ ಅದು, ಇಲ್ಲ ಎನ್ನಲಾಗದು, ಮನುಷ್ಯ ಪ್ರೀತಿಯನ್ನು ತನಗೆ ತಿಳಿದ ಅಂಕಿಯಲ್ಲಿ ತಾನೇ ಕೊಡುವುದು.

ಪಲ್ಯ ಇಳಿಸಿದೆಯಾ, ಇಳಿಸಿದೆ, ಮುಚ್ಚಿಲ್ಲ, ಇರಲಿ, ಮೊದಲು ಗುರುವಯ್ಯ — ತೋಟದ ಲೆಕ್ಕ ಬರೆಯುವ ರೈಟರ್, ಆಫೀಸು ಕೋಣೆಯಲ್ಲಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಕೂತಿದ್ದಾನೆ, ಕೊಚ್ಚಿಯ ಕಾಳುಮೆಣಸಿನ ದರ ಬರುತ್ತಿಲ್ಲವಂತೆ — ನಂಗೂ ತ್ರಿಕೋನ ಬಂತು ಅಮ್ಮಾವ್ರೇ, ನಾ ಎಂತದೂ ಮುಟ್ಟಿಲ್ಲ, ದೇವರಾಣೆ — ಯಾರು ನಿನ್ನನ್ನು ಬೈದರು ಗುರುವಯ್ಯ, ಸ್ವಲ್ಪ ಹೊತ್ತು ಅದನ್ನ ಆರಿಸು, ಮಗುಗೆ ಇಂಟರ್‌ವ್ಯೂ ಇದೆ — ಸಾಹೇಬ್ರು ದರ ನೋಡು ಅಂದಿದಾರೆ, ಇವತ್ತೇ ಮೆಣಸು ಕೊಡೋದಂತೆ — ಸಾಹೇಬರಿಗೆ ನಾ ಹೇಳ್ತೀನಿ, ಆರಿಸು. ಆರಿಸಿದ. ವಾಪಸು ಓಡಿದಳು, ಅಂಗಳದ ಕಣದಲ್ಲಿ ಹರವಿದ ಮೆಣಸಿನ ಮೇಲೆ ಕೋಳಿ ಹತ್ತಿದೆ, ಹುಶ್, ಮಗಳ ಪರದೆಯಲ್ಲಿ ಕವನಾ ಜೀವ ಬಂದು ಕೈ ಬೀಸಿದಳು, ಅಬ್ಬ ಎನ್ನುವಷ್ಟರಲ್ಲಿ ಟಿಣ್, ಮತ್ತೆ ಹಳದಿ, ಅರೆ, ಈಗ ಯಾರು — ಹಜಾರದಲ್ಲಿ ಶೇಷಪ್ಪನವರು ಸ್ನಾನ ಮುಗಿಸಿ ಬನಿಯನ್ನಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಿದ್ದಾರೆ, ಹಣೆಯಲ್ಲಿ ವಿಭೂತಿ ಇನ್ನೂ ಹಸಿ, ಗುರುವಯ್ಯ ಹೇಳ್ತಾನೆ ನೀನು ದರ ನೋಡೋಕೆ ಬಿಡಲಿಲ್ಲ ಅಂತ, ಅದಕ್ಕೆ ನಾನೇ ನೋಡ್ತಿದ್ದೀನಿ — ರೀ, ಮುಚ್ಚಿ ಅದನ್ನ — ವ್ಯಾಪಾರಿ ಬಂದು ಗೇಟಲ್ಲಿ ನಿಂತಿದಾನೆ ಮಾರಾಯ್ತಿ, ಕೊಚ್ಚಿ ದರ ಗೊತ್ತಿಲ್ದೆ ಬಾಯಿ ಬಿಡೋದು ಹೆಂಗೆ — ಹಾಗಾದ್ರೆ ನಿಮ್ಮದರ ನಂಬರು ಬದಲಾಯಿಸ್ಲಾ — ಇವತ್ತಾ? ವ್ಯಾಪಾರದ ದಿನ ಒಂಬತ್ತು ಬಿಡ್ಲಾ? — ಸರಿ, ಮಗಳದು ಬದಲಾಯಿಸ್ತೀನಿ — ಎಂತ ಮಾತಾಡ್ತೀಯ ವಿಮಲಾ, ಇಷ್ಟು ವರ್ಷ ಕಾಯ್ದು ಕಾಯ್ದು ಇಟ್ಟ ನಂಬರು, ಅವಳಿಗೆ ಬೇಕಾಗಿರೋದೇ ಇವತ್ತು! — ಹೀಗೆ ಅಂದಾಗ ಅವರ ದನಿ ಸಣ್ಣಗಾಯಿತು, ಅವರಿಗೂ ಹೆದರಿಕೆ, ಮಗಳ ತುಟಿ ಅಂಟಿಕೊಂಡಾಗ ಅವರು ಯಾವಾಗಲೂ ಕಿಟಕಿಯ ಹೊರಗೆ ನೋಡುವುದು, ತೋಟದ ಸಿಲ್ವರ್ ಓಕ್ ಮರಗಳ ತುದಿ ಎಣಿಸುವವರ ಹಾಗೆ.

ಫಾರಿಸ್‌ಗೆ ಫೋನು, ಅವನೋ ಆಲ್ದೂರಿನಲ್ಲಿ ಚಿಕ್ಕಪ್ಪ ಮೊಯ್ದುವಿನ ಮಗಳ ಮದುವೆಯಲ್ಲಿ, ಹಿಂದೆ ಪಾತ್ರೆ ಪಗಡೆ, ಮಕ್ಕಳ ಕಿರುಚಾಟ — ಬಿರಿಯಾನಿ ಬಡಿಸ್ತಿದ್ದೀನಿ ವಿಮಲಕ್ಕಾ, ಜೋರಾಗಿ ಹೇಳಿ — ಅವಳು ಜೋರಾಗಿ ಹೇಳಿದಳು, ಹೇಳುತ್ತಲೇ ಪಲ್ಯಕ್ಕೆ ಮುಚ್ಚಳ ಹಾಕಿದಳು — ಕೊನೇ ಮನೆಯ ಅಂಕಿ ಮಾತ್ರ ಬೇರೆ ಮಾಡಿ ಅಕ್ಕಾ, ಒಂದನೇ ನಂಬರು ಮಾತ್ರ ಬೇಡ, ಅದು ಮೋಡೆಮ್ಮಿಂದು, ಇನ್ನೂರೈವತ್ತರ ಒಳಗೆ ಯಾವುದು ಬೇಕಾದ್ರೂ, ಒಂದೇ ನಂಬರು ಎರಡು ಕಡೆ ಇರಬಾರದು ಅಷ್ಟೇ — ಯಾವುದು ಬೇಕಾದರೂ, ಯಾವುದು ಬೇಕಾದರೂ ಆಗುವ ಹಾಗಿದ್ದರೆ ಈ ಮನೆ ಈ ಮನೆ ಯಾಕೆ ಆಗುತ್ತಿತ್ತು, ಹತ್ತು ಅಂದರೆ ಇವರು ಒಪ್ಪುವುದಿಲ್ಲ, ಹದಿನಾಲ್ಕು ಒಪ್ಪುವುದಿಲ್ಲ, ಕೂಡಿ ನೋಡುತ್ತಾರೆ, ಒಂದೂ ನಾಲ್ಕೂ ಐದು ಅಂತಾರೆ, ಕೂಡಿ ನೋಡುತ್ತಾರೆ — ವಿಮಲಮ್ಮನ ಕೈ ಮುಚ್ಚಳದ ಮೇಲೆ ನಿಂತಿತು — ಕೂಡಿಯೇ ನೋಡಲಿ. ಹದಿನೆಂಟು, ಒಂದೂ ಎಂಟೂ. ಇಪ್ಪತ್ತೇಳು, ಎರಡೂ ಏಳೂ. ಅಯ್ಯೋ ದೇವರೇ, ಇಷ್ಟೊಂದು ಒಂಬತ್ತು ಇಟ್ಟುಕೊಂಡು ಒಂದಕ್ಕೇ ಮೂವರು ಜೋತುಬಿದ್ದಿದ್ದೆವಲ್ಲ. ಹಜಾರಕ್ಕೆ ಬಂದು ನಿಂತು, ರೀ, ಮಗಳಿಗೆ ಒಂಬತ್ತು ಇರ್ಲಿ, ಗುರುವಯ್ಯನಿಗೆ ಹದಿನೆಂಟು, ನಿಮಗೆ ಇಪ್ಪತ್ತೇಳು, ಕೂಡಿ ನೋಡಿ ಅಂದಳು. ಕೂಡಿದರು. ಬೆರಳು ಮಡಚಿ ಇನ್ನೊಮ್ಮೆ ಕೂಡಿದರು, ಮುಖ ಅರಳಿತು, ಇಪ್ಪತ್ತೇಳು ಅಂದ್ರೆ ಮೂರು ಒಂಬತ್ತು ಕಣೇ ಅಂದರು, ಬರೀ ಒಂಬತ್ತಿಗಿಂತ ಗಟ್ಟಿ! — ಗಟ್ಟಿಯೇ, ತಾವೇ ಕಂಡುಹಿಡಿದ ಹಾಗೆ ಗೇಟಿನಲ್ಲಿದ್ದ ವ್ಯಾಪಾರಿಗೂ ವಿವರಿಸಲು ಹೊರಟರು, ಅವನು ಪಾಪ ಮೆಣಸಿಗೆ ಬಂದವನು. ಅಷ್ಟರಲ್ಲಿ ವಿಮಲಮ್ಮ ಪರದೆಯ ಮೇಲೆ ಫಾರಿಸ್ ಹೇಳಿದ ಕಿಟಕಿ ತೆರೆದು, ಅಂಕಿ ಅಳಿಸಿ, ಅಂಕಿ ಕುಟ್ಟಿ, ಒಂದು ಯಂತ್ರ, ಆಫೀಸು ಕೋಣೆಗೆ ಹೋಗಿ ಇನ್ನೊಂದು, ಮೂರನ್ನೂ ಒಟ್ಟಿಗೆ ಉರಿಸಿ ನಿಂತಳು, ಉಸಿರು ಹಿಡಿದು, ಹಾಲು ಉಕ್ಕುವುದನ್ನು ಕಾಯುವ ಹಾಗೆ, ತ್ರಿಕೋನ ಬರಲಿಲ್ಲ, ಬರಲೇ ಇಲ್ಲ, ಗುರುವಯ್ಯ ಬಂತು ಬಂತು ಕೊಚ್ಚಿ ಬಂತು ಅಂತ ಕೂಗಿದ.

ಹನ್ನೊಂದಾಯಿತು, ಮಗಳು ಜಡೆ ಬಿಗಿಮಾಡಿಕೊಂಡು ಬಾಗಿಲು ಅರ್ಧ ಎಳೆದುಕೊಂಡಳು, ವಿಮಲಮ್ಮ ಹೊರಗೆ ಮೋಡೆಮ್ಮಿನ ಹತ್ತಿರ, ದೇವರ ಪಟಗಳ ಪಕ್ಕದಲ್ಲೇ ಅದಕ್ಕೂ ಜಾಗ, ಆಯುಧಪೂಜೆಯ ಕುಂಕುಮ ಇನ್ನೂ ಅಂಟಿದೆ, ಹಸಿರು ದೀಪಗಳು ಪಿಳಿಪಿಳಿ, ಬಾಗಿಲ ಸಂದಿಯಿಂದ ಬೀರುವಿನ ಕನ್ನಡಿ, ಕನ್ನಡಿಯಲ್ಲಿ ಮಗಳ ಮುಖ, ಆ ಕಡೆಯಿಂದ ಗಂಡಸಿನ ಒಳ್ಳೆಯ ದನಿ, ಗುಡ್ ಮಾರ್ನಿಂಗ್, ವುಡ್ ಯು ಟೆಲ್ ಅಸ್ ಯುವರ್ ನೇಮ್ — ಅಯ್ಯೋ, ಅರ್ಜಿಯಲ್ಲೇ ಇದೆಯಲ್ಲ, ಯಾಕೆ ಕೇಳುತ್ತೀರಿ, ಬೇರೆ ಏನಾದರೂ ಕೇಳಿ, ಬಣ್ಣ ಕೇಳಿ, ದಾರ ಕೇಳಿ — ಬಸ್ಸಿನಲ್ಲಿ, ಬಟ್ಟೆಯಂಗಡಿಯಲ್ಲಿ, ಮದುವೆಮನೆಯಲ್ಲಿ ಯಾರಾದರೂ ಹೆಸರು ಕೇಳಿದರೆ ವಿಮಲಮ್ಮ ಮುಂದೆ ಬಿದ್ದು ಹೇಳಿಬಿಡುತ್ತಿದ್ದಳು, ಮೇಘಶ್ರೀ ಅಂತ, ಮಂಗಳೂರಿನ ಡಾಕ್ಟರು ಬೇಡ ಎಂದಿದ್ದರು, ಅವಳ ಮಾತು ನೀವು ಮುಗಿಸಿಕೊಡ್ಬೇಡಿ, ಕಾಯಿರಿ, ಕಾಯುವುದೇ ಔಷಧಿ, ಹೇಳುವುದು ಸುಲಭ ಡಾಕ್ಟರಿಗೆ — ಒಳಗೆ ಸದ್ದಿಲ್ಲ. ದೀಪ ಹಸಿರಾಗಿಯೇ ಇದೆ. ಕನ್ನಡಿಯಲ್ಲಿ ತುಟಿಗಳು ಅಂಟಿಕೊಂಡಿವೆ. ಆ ದನಿ — ಹಲೋ? ಐ ಥಿಂಕ್ ಶಿ ಈಸ್ ಫ್ರೋಜನ್, ಇನ್ನೊಬ್ಬರು ಯಾರೋ ಹೆಂಗಸು, ದೋಸ್ ಹಿಲ್ ಕನೆಕ್ಷನ್ಸ್, ಪೂರ್ ಥಿಂಗ್ — ನೆಟ್ ಹೋಗಿದೆ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ, ಅಂದುಕೊಂಡರೆ ಎಷ್ಟು ಒಳ್ಳೆಯದು, ಈ ತಿಂಗಳೆಲ್ಲ ಅಭ್ಯಾಸದಲ್ಲಿ ಸಿಕ್ಕಿಹಾಕಿಕೊಂಡಾಗಲೆಲ್ಲ ಹುಡುಗಿ ಅಮ್ಮಾ ನೆಟ್ ಹೋಯ್ತು ಅಂದಿದ್ದುಂಟು, ದೀಪ ಉರಿಯುತ್ತಿರುವುದನ್ನು ಕಂಡೂ ವಿಮಲಮ್ಮ ಹೌದು ಮಗಾ ಹೋಯ್ತು ಅಂದಿದ್ದುಂಟು, ಈಗಲೂ ಮೋಡೆಮ್ಮಿನ ಸ್ವಿಚ್ಚು ಕೈಗೆಟಕುವಲ್ಲೇ ಇದೆ, ಒಂದು ಒತ್ತು, ಎಲ್ಲರೂ ಬೆಟ್ಟದ ನೆಟ್ಟನ್ನು ಬೈಯುತ್ತಾರೆ, ಮಗಳನ್ನಲ್ಲ, ಇನ್ನೊಂದು ದಿನ ಕರೆಯುತ್ತಾರೆ, ಹೆಸರು ಕೇಳದೆ ಬೇರೆ ಏನೋ ಕೇಳುತ್ತಾರೆ — ಬೆರಳು ಸ್ವಿಚ್ಚಿನ ಮೇಲಿದೆ, ಒತ್ತಿದರೆ ಇದೂ ಮುಗಿಸಿಕೊಟ್ಟ ಹಾಗೇ ತಾನೇ, ಕಾಯಿರಿ, ಎಷ್ಟು ಕಾಯುವುದು, ಅಂಗಳದಲ್ಲಿ ಶೇಷಪ್ಪನವರ ವ್ಯಾಪಾರದ ಮಾತು ನಿಂತಿದೆ, ಅವರೂ ಕಿವಿಗೊಟ್ಟಿದ್ದಾರೆ, ಪಕ್ಕಕ್ಕೆ ತಿರುಗಿ ಮರದ ತುದಿ ನೋಡುತ್ತಿರುತ್ತಾರೆ — ಒತ್ತಲೇ, ಒತ್ತಿಬಿಡಲೇ — ಆಗ ಕನ್ನಡಿಯಲ್ಲಿ ತುಟಿ ಬಿಚ್ಚಿತು, ಹೆಸರಿಗಲ್ಲ, ಬೇರೆಯದಕ್ಕೆ, ನಿಧಾನ, ಒಂದೊಂದೇ, ನೆಟ್ ಈಸ್ ಫೈನ್ ಸರ್, ಐ ಸ್ಟಾಪ್ ಲೈಕ್ ದಿಸ್, ಪ್ಲೀಸ್ ವೇಟ್ — ಆ ಕಡೆಯವರು ಆಫ್ ಕೋರ್ಸ್ ಅಂದರು, ವಿಮಲಮ್ಮನ ಬೆರಳು ಸ್ವಿಚ್ಚಿನಿಂದ ತಾನಾಗಿಯೇ ಇಳಿಯಿತು, ಇಳಿದು ಎಲ್ಲಿ ಹೋಗಬೇಕೆಂದು ತಿಳಿಯದೆ ಸೆರಗು ಹಿಡಿಯಿತು, ಮಗಳು ಉಸಿರು ಎಳೆದುಕೊಂಡಳು, ಯಾರೂ ಅವಸರ ಮಾಡುತ್ತಿಲ್ಲ, ಇಡೀ ಮನೆ ಕಾಯುತ್ತಿದೆ, ಕೋಳಿ ಕೂಡ, ಮತ್ತೆ ಆ ತುಟಿಗಳು, ಈಗ ಹೆಸರಿಗೇ, ಮೇಲಿನದು ಕೆಳಗಿನದರ ಮೇಲೆ ಬಂದು, ಮೆತ್ತಗೆ, ಅಂಟಿ —